ನೆಲ ಮುಟ್ಟದ ಕಾಲಿನ ಜಡ್ಡು

ಆ ಮನೆಯಲ್ಲಿ ನಾನು ಮೊದಲು ನೋಡಿದ್ದು ರೋಗಿಯ ನೈಟಿಯ ಅಂಚನ್ನು. ಕೆಳಗಿನ ಅಂಚನ್ನು ಎರಡು ಸಲ ಮೇಲಕ್ಕೆ ಮಡಚಿ ಹೊಲಿದಿದ್ದರು. ಮೊದಲ ಹೊಲಿಗೆಯ ದಾರ ಮಾಸಿತ್ತು, ಎರಡನೆಯದು ಹೊಸದು. ಮೂವತ್ತೆಂಟು ವರ್ಷದ ಹೆಂಗಸು ಬಟ್ಟೆಯನ್ನು ಎರಡು ಸಲ ಗಿಡ್ಡ ಮಾಡಿದ್ದಾಳೆ ಎಂದರೆ ಒಂದೋ ಬಟ್ಟೆ ಬೇರೆಯವರದು, ಇಲ್ಲವೇ ಅವಳೇ ಗಿಡ್ಡವಾಗಿದ್ದಾಳೆ. ಕೇಳಿದೆ. ಬಟ್ಟೆ ಅವಳದೇ.

ನಾನು ನಿವೃತ್ತ ನರ್ಸ್. ಬಿ.ಸಿ.ರೋಡಿನಲ್ಲಿ ನನ್ನ ಮನೆ. ಹಾಸಿಗೆ ಹಿಡಿದವರನ್ನು ಅವರ ಮನೆಯಲ್ಲೇ ನೋಡಿಕೊಳ್ಳುವ ಒಂದು ಸಣ್ಣ ತಂಡದೊಂದಿಗೆ ವಾರಕ್ಕೆ ಮೂರು ದಿನ ಬಂಟ್ವಾಳ, ಬೆಳ್ತಂಗಡಿ ಕಡೆಯ ಮನೆಗಳಿಗೆ ಹೋಗುತ್ತೇನೆ. ಪ್ರತಿ ಭೇಟಿಗೂ ಸಮಯ ಗೊತ್ತು ಮಾಡುತ್ತೇನೆ, ಪುಸ್ತಕದಲ್ಲಿ ಬರೆಯುತ್ತೇನೆ. ನೀಲಿ ಶಾಯಿಯಲ್ಲಿ ಮಾಡಿದ ಕೆಲಸ, ಕೆಂಪು ಶಾಯಿಯಲ್ಲಿ ಆಗದ ಕೆಲಸ. ಹೇಳಿದ ಹೊತ್ತಿಗೆ ಹೋದಾಗ ಬಾಗಿಲು ಹಾಕಿದ್ದರೆ ‘ರೋಗಿ ಮನೆಯಲ್ಲಿಲ್ಲ’ ಎಂದು ಕೆಂಪಿನಲ್ಲಿ ಬರೆಯುವುದು. ಆ ಸಾಲು ಬರೆಯುವಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಬಸ್ಸಿನ ಒಂದೂವರೆ ಗಂಟೆ ಹಾಳು.

ಈ ಮನೆಯಲ್ಲಿ ಆ ಭಯವಿರಲಿಲ್ಲ. ವೇಣೂರಿನಿಂದ ಒಳಗೆ, ಗುಡ್ಡದ ಅಂಚಿನ ಹೆಂಚಿನ ಮನೆ. ರೋಗಿ ಎಂಟು ತಿಂಗಳಿಂದ ಮಂಚ ಬಿಟ್ಟಿರಲಿಲ್ಲ. ಅದಕ್ಕೂ ಮೊದಲು ಹದಿನೈದು ವರ್ಷ ಬೀಡಿ ಕಟ್ಟಿದವಳು. ಗಂಡ ರಿಕ್ಷಾ ಓಡಿಸುತ್ತಾನೆ. ಅತ್ತೆ ಜಗಲಿಯಲ್ಲಿ ಕೂತು ಈಗಲೂ ಬೀಡಿ ಕಟ್ಟುತ್ತಾರೆ. ನಾವು ಮಾತಾಡಿದ್ದೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಟೇಪು ಹಿಡಿದು ಮಲಗಿದಲ್ಲೇ ಅಳೆದೆ. ಮದುವೆಯಾದಾಗ ಎಷ್ಟು ಎತ್ತರ ಇದ್ದಳು ಎಂದು ಗಂಡನನ್ನು ಕೇಳಿದೆ.

“ನನ್ನ ಕಿವಿಗೆ ಬರ್ತಿದ್ಲು ಸಿಸ್ಟರ್. ಕಳೆದ ವರ್ಷ ನಿಂತಾಗ ಭುಜಕ್ಕೆ ಬರ್ತಿದ್ಲು. ನಾನೇ ಉದ್ದ ಆದೆ ಅಂತ ತಮಾಷೆ ಮಾಡಿದ್ದೆ.”

ಜಗಲಿಯಿಂದ ಅತ್ತೆಯ ದನಿ ಬಂತು. “ಮೊದಲು ಕಾಲು ನೋವು, ಮತ್ತೆ ಸೊಂಟ, ಮತ್ತೆ ಪಕ್ಕೆಲುಬು. ದಿನಕ್ಕೊಂದು ಕಡೆ ನೋವು ಅಂದ್ರೆ ಯಾರು ನಂಬುದು? ಒಬ್ರು ಡಾಕ್ಟ್ರು ಮನಸ್ಸಿನದ್ದು ಅಂತ ಮಾತ್ರೆ ಕೊಟ್ಟಿದ್ರು.”

“ಆ ಮಾತ್ರೆ ತಿಂದು ನಿದ್ದೆ ಬಂತು ಅತ್ತೆ, ನೋವು ನಿದ್ದೆ ಮಾಡ್ಲಿಲ್ಲ,” ಎಂದಳು ರೋಗಿ. ನಗುವಾಗ ಪಕ್ಕೆಯನ್ನು ಕೈಯಿಂದ ಒತ್ತಿ ಹಿಡಿದುಕೊಂಡಳು. ಆ ಕೈಯನ್ನು ನೋಡಿದವರಿಗೆ ಅದು ನಟನೆಯಲ್ಲವೆಂದು ಗೊತ್ತಾಗುತ್ತದೆ.

ನಾನು ಕಲಿತದ್ದು ಬಹಳ ಕಟ್ಟುನಿಟ್ಟಿನ ನರ್ಸಿಂಗ್ ಶಾಲೆಯಲ್ಲಿ. ಹೊಸ ರೋಗಿ ಬಂದರೆ ಮೊದಲು ಕಾಗದಗಳನ್ನು ತಾರೀಕಿನ ಪ್ರಕಾರ ಜೋಡಿಸಬೇಕು, ಆಮೇಲೆಯೇ ಮಾತು ಎಂದು ನಮ್ಮ ಮೇಟ್ರನ್ ಹೇಳುತ್ತಿದ್ದರು. ಆ ಮನೆಯಲ್ಲಿ ಕಾಗದಗಳು ಒಂದು ಬಟ್ಟೆ ಅಂಗಡಿಯ ಚೀಲದಲ್ಲಿದ್ದವು. ಮಂಚದ ಮೇಲೆ ಹರಡಿ ಜೋಡಿಸಿದೆ. ನಾಲ್ಕು ವರ್ಷದ ಎಕ್ಸ್‌ರೇ, ರಕ್ತದ ವರದಿ, ಚೀಟಿ. ಪಕ್ಕೆಲುಬಿನಲ್ಲಿ ಹಳೆಯ ಬಿರುಕುಗಳು. ಎರಡೂ ತೊಡೆಯ ಮೂಳೆಗಳಲ್ಲಿ, ಸೊಂಟದ ಹತ್ತಿರ, ಅರ್ಧಕ್ಕೆ ನಿಂತ ಬಿರುಕು. ಮೂಳೆಯ ಸಾಂದ್ರತೆ ತೀರಾ ಕಡಿಮೆ. ‘ಮೂಳೆ ಸವೆತ’ ಎಂದು ಬರೆದಿದ್ದರು. ಕ್ಯಾಲ್ಸಿಯಂ ಮಾತ್ರೆ ಮೂರು ವರ್ಷ ತಿಂದಿದ್ದಾಳೆ. ಇನ್ನು ಮೂರು ವಾರಕ್ಕೆ ಮಂಗಳೂರಿನಲ್ಲಿ ಎರಡೂ ತೊಡೆಗೆ ಸರಳು ಹಾಕುವ ಆಪರೇಶನ್ನಿನ ದಿನ ಗೊತ್ತಾಗಿತ್ತು.

ರಕ್ತದ ವರದಿಗಳನ್ನು ಒಂದು ಹಾಳೆಯಲ್ಲಿ ಗೆರೆ ಹಾಕಿ ಪಟ್ಟಿ ಮಾಡಿದೆ. ಕ್ಯಾಲ್ಸಿಯಂ ಪ್ರತಿ ಸಲವೂ ಸರಿ. ಮೂಳೆಯ ಕೆಲಸ ಏರುಪೇರಾದಾಗ ಹೆಚ್ಚಾಗುವ ಆಲ್ಕಲೈನ್ ಫಾಸ್ಫಟೇಸ್ ಪ್ರತಿ ಸಲವೂ ಜಾಸ್ತಿ. ಬರೀ ಸವೆತವಾದರೆ ಅದು ಇಷ್ಟು ಏರುವುದಿಲ್ಲ. ಪಟ್ಟಿಯಲ್ಲಿ ಒಂದು ಸಾಲು ಮಾತ್ರ ಮೊದಲಿಂದ ಕೊನೆಯವರೆಗೆ ಖಾಲಿ. ನಾಲ್ಕು ವರ್ಷದಲ್ಲಿ ಯಾರೂ ಫಾಸ್ಫರಸ್ ನೋಡಿರಲಿಲ್ಲ.

ಆ ಹಾಳೆಯನ್ನು ನಮ್ಮ ತಂಡದ ಡಾಕ್ಟರಿಗೆ ತೋರಿಸಿದೆ. ಇವರು ಬಂಟ್ವಾಳದಲ್ಲಿ ಕ್ಲಿನಿಕ್ ಇಟ್ಟವರು. ಹಿಂದೆ ಹೌಸ್ ಸರ್ಜನ್ ಆಗಿದ್ದಾಗ ನನ್ನ ವಾರ್ಡಿನಲ್ಲಿ ಬೈಸಿಕೊಂಡವರು.

“ಖಾಲಿ ಸಾಲು ತುಂಬಿಸುವ, ಸಿಸ್ಟರ್,” ಎಂದರು. “ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆಯಿರಿ.”

ತೆಗೆದೆ. ಇಲ್ಲಿ ನನ್ನ ತಪ್ಪು ಬರೆಯಬೇಕು.

ನಮ್ಮ ಕಡೆ ಖಾಸಗಿ ಬಸ್ಸಿನಲ್ಲಿ ಏನನ್ನು ಬೇಕಾದರೂ ಕಳಿಸುತ್ತೇವೆ. ಮಲ್ಲಿಗೆ ಚೆಂಡು, ಔಷಧ, ಮದುವೆ ಕಾಗದ, ಮರೆತುಹೋದ ಕನ್ನಡಕ. ಕಂಡಕ್ಟರ್ ಕೈಗೆ ಕೊಟ್ಟರೆ ಆ ತುದಿಯಲ್ಲಿ ಯಾರಾದರೂ ಬಂದು ತೆಗೆದುಕೊಳ್ಳುತ್ತಾರೆ. ನಾನೂ ರಕ್ತದ ಟ್ಯೂಬನ್ನು ಡಬ್ಬಿಯಲ್ಲಿಟ್ಟು, ಹೆಸರು ಬರೆದು, ಮೂಡುಬಿದಿರೆಯ ಲ್ಯಾಬಿಗೆಂದು ಬಸ್ಸಿಗೆ ಕೊಟ್ಟೆ. ಫೋನ್ ಮಾಡಿ ಹೇಳಿದೆ. ಸಂಜೆ ವರದಿ ಬಂತು: ಫಾಸ್ಫರಸ್ ಕಡಿಮೆಯ ಬದಿಯಲ್ಲಿದೆ, ಆದರೆ ಸರಿಯಾದ ಗೆರೆಯ ಒಳಗೇ ಇದೆ.

ಡಾಕ್ಟರ್ ಅದನ್ನು ಅಲ್ಲಿಗೇ ಬಿಟ್ಟರು. ನಾನೂ ಬಿಟ್ಟೆ. ಹತ್ತು ದಿನ ಹೋಯಿತು. ಆಪರೇಶನ್ನಿಗೆ ಮನೆಯವರು ಚೀಲ ಕಟ್ಟತೊಡಗಿದ್ದರು.

ಒಂದು ಬೆಳಿಗ್ಗೆ ಪುಸ್ತಕ ತಿರುವುವಾಗ ನನ್ನದೇ ಸಾಲು ಕಣ್ಣಿಗೆ ಬಿತ್ತು. ‘ರಕ್ತ ತೆಗೆದದ್ದು ೯.೫೦. ಬಸ್ಸಿಗೆ ಕೊಟ್ಟದ್ದು ೧೦.೪೦.’ ಅದರ ಮುಂದೆ ಏನೂ ಇಲ್ಲ. ಲ್ಯಾಬಿನ ಟೆಕ್ನಿಶಿಯನ್‌ಗೆ ಫೋನ್ ಮಾಡಿದೆ.

“ಆವತ್ತು ಆ ಟ್ಯೂಬ್ ನಿಮ್ಮ ಕೈಗೆ ಎಷ್ಟು ಹೊತ್ತಿಗೆ ಸಿಕ್ಕಿತು?”

“ಹನ್ನೆರಡು ಮುಕ್ಕಾಲು ಆಗಿರ್ಬೇಕು ಸಿಸ್ಟರ್. ಬಸ್ಸು ಲೇಟು.”

“ಮೆಶಿನಿಗೆ ಹಾಕಿ ತಿರುಗಿಸಿದ್ದು?”

“ಊಟ ಆದ ಮೇಲೆ. ಎರಡು ಗಂಟೆ ದಾಟಿತ್ತು.”

ರಕ್ತ ತೆಗೆದು ನಾಲ್ಕು ಗಂಟೆಗೂ ಹೆಚ್ಚು. ಏಪ್ರಿಲಿನ ಬಿಸಿಲು, ಬಸ್ಸಿನ ಎಂಜಿನ್ನಿನ ಪಕ್ಕ, ಕುಲುಕಾಟ. ರಕ್ತವನ್ನು ಬೇಗ ತಿರುಗಿಸಿ ಬೇರ್ಪಡಿಸದಿದ್ದರೆ ರಕ್ತಕಣಗಳ ಒಳಗಿನ ಫಾಸ್ಫರಸ್ ಹೊರಗೆ ಸೋರಿ ನೀರಿನಂಶಕ್ಕೆ ಸೇರುತ್ತದೆ. ಆಗ ಕಡಿಮೆ ಇದ್ದದ್ದು ಸರಿ ಎಂದು ಕಾಣುತ್ತದೆ. ಇದು ನನಗೆ ಗೊತ್ತಿರದ ವಿಷಯವಲ್ಲ. ವಿದ್ಯಾರ್ಥಿನಿಯರಿಗೆ ನಾನೇ ಕಲಿಸಿದ್ದೇನೆ. ಮಲ್ಲಿಗೆ ಚೆಂಡಿನ ಜೊತೆ ರಕ್ತ ಕಳಿಸುವುದು ಇಲ್ಲಿ ಎಷ್ಟು ಸಹಜವೆಂದರೆ, ಕಳಿಸುವಾಗ ನನಗೆ ಆ ಪಾಠ ನೆನಪಾಗಲೇ ಇಲ್ಲ.

ಆ ದಿನ ನನ್ನ ಸರದಿಯ ದಿನವಲ್ಲ. ಆದರೂ ಬಸ್ಸು ಹತ್ತಿ ಹೋದೆ. ಅತ್ತೆಯ ಎದುರಿಗೇ ಹೇಳಿದೆ: ತಪ್ಪು ನನ್ನದು, ಇನ್ನೊಮ್ಮೆ ರಕ್ತ ಬೇಕು, ಈ ಸಲ ಇವಳನ್ನೇ ಲ್ಯಾಬಿಗೆ ಕರೆದುಕೊಂಡು ಹೋಗಬೇಕು.

“ಇನ್ನೊಮ್ಮೆ ಸೂಜಿಯಾ?” ಎಂದಳು ರೋಗಿ. “ಸೂಜಿ ತೊಂದರೆ ಇಲ್ಲ ಸಿಸ್ಟರ್. ಎತ್ತುದು ಬೇಡ.”

“ಸರಳು ಹಾಕಿಸ್ಲಿಕ್ಕೆ ಹೇಗೂ ಎತ್ತಲೇಬೇಕಲ್ಲ,” ಎಂದರು ಅತ್ತೆ. ಬೀಡಿ ಎಲೆಯ ಕತ್ತರಿ ಕೆಳಗಿಟ್ಟು ನನ್ನನ್ನು ನೋಡಿದರು. “ನೀವು ತಪ್ಪು ಅಂತ ಒಪ್ಪಿದ್ರಿ. ಇಷ್ಟು ವರ್ಷದಲ್ಲಿ ಇವಳ ಕಾಗದ ನೋಡಿದವರು ಯಾರೂ ಹಾಗೆ ಹೇಳ್ಲಿಲ್ಲ. ಹೋಗುವ.”

ಮರುದಿನ ಬೆಳಿಗ್ಗೆ ಆರಕ್ಕೆ ಹೊರಟೆವು. ಕುರ್ಚಿ ಸಮೇತ ಎತ್ತಿ ರಿಕ್ಷಾದ ತನಕ ತಂದದ್ದು ನಾಲ್ಕು ಜನ. ಎರಡು ದಿಂಬು ಸೊಂಟಕ್ಕೆ, ಒಂದು ಕಾಲ ಕೆಳಗೆ. ಗಂಡ ಮೂಡುಬಿದಿರೆಯವರೆಗೂ ನಡೆಯುವವರಿಗಿಂತ ಸ್ವಲ್ಪ ಜೋರಾಗಿ ಓಡಿಸಿದ. ಹಿಂದಿನಿಂದ ಕಾಲೇಜಿನ ಬಸ್ಸು ಹಾರ್ನ್ ಹೊಡೆದು ಹೊಡೆದು ಸುಸ್ತಾಯಿತು. ಡ್ರೈವರ್ ಪಕ್ಕಕ್ಕೆ ಬಂದಾಗ ತಲೆ ಹೊರಗೆ ಹಾಕಿ, “ಎಂತ ಮಾರಾಯ, ಕೋಳಿಮೊಟ್ಟೆ ಉಂಟಾ ಒಳಗೆ?” ಎಂದ.

“ಹೌದು,” ಎಂದ ಗಂಡ, ಕೈ ಹ್ಯಾಂಡಲಿನಿಂದ ತೆಗೆಯದೆ. “ಒಂದೇ ಇರುದು.”

ಹಿಂದೆ ಕೂತ ರೋಗಿ ನಕ್ಕಳು, ಪಕ್ಕೆ ಹಿಡಿದುಕೊಂಡೇ.

ಲ್ಯಾಬಿನಲ್ಲಿ, ಕೈಗೆ ಪಟ್ಟಿಯನ್ನು ಹೆಚ್ಚು ಹೊತ್ತು ಬಿಗಿಯದೆ ರಕ್ತ ತೆಗೆದೆ. ಅದು ಹೆಪ್ಪುಗಟ್ಟುವವರೆಗೆ ಕಾದು, ನನ್ನ ಕಣ್ಣೆದುರೇ ಮೆಶಿನಿಗೆ ಹಾಕಿಸಿದೆ. ಅದೇ ಹೊತ್ತಿನ ಮೂತ್ರವನ್ನೂ ಕೊಟ್ಟೆವು. ವರದಿ ಬಂದಾಗ ಫಾಸ್ಫರಸ್ ಇರಬೇಕಾದದ್ದಕ್ಕಿಂತ ಅರ್ಧದಷ್ಟೇ ಇತ್ತು. ರಕ್ತದಲ್ಲಿ ಇಲ್ಲದ ಫಾಸ್ಫರಸ್ ಮೂತ್ರದಲ್ಲಿ ಹರಿದುಹೋಗುತ್ತಿತ್ತು.

ಆ ಸಂಜೆ ಡಾಕ್ಟರ್ ಮನೆಗೇ ಬಂದು ಗಂಡನಿಗೆ ವಿವರಿಸಿದರು. “ಸರಳು ಕಟ್ಟಿ ಸಿಮೆಂಟ್ ಹಾಕದೆ ಬಿಟ್ಟ ತಾರಸಿ ಹೇಗೋ ಹಾಗೆ ಇವರ ಮೂಳೆ. ಕ್ಯಾಲ್ಸಿಯಂ ಒಂದೇ ಇದ್ರೆ ಸಾಲುದಿಲ್ಲ, ಫಾಸ್ಫರಸ್ ಕೂಡ ಬೇಕು. ಇವರ ಕಿಡ್ನಿ ಅದನ್ನು ಹೊರಗೆ ಬಿಸಾಡ್ತಾ ಉಂಟು.”

“ಕಿಡ್ನಿ ಹಾಳಾಗಿದೆಯಾ ಸಾರ್?”

“ಇಲ್ಲ. ಕಿಡ್ನಿಗೆ ಯಾರೋ ಬಿಸಾಡು ಅಂತ ಹೇಳ್ತಾ ಇದ್ದಾರೆ. ಬಹಳ ಅಪರೂಪ, ಆದ್ರೆ ಕೆಲವರ ಮೈಯಲ್ಲಿ ಎಲ್ಲೋ ಒಂದು ಸಣ್ಣ ಗಡ್ಡೆ ಇರ್ತದೆ. ಕ್ಯಾನ್ಸರ್ ಅಲ್ಲ, ನೋವೂ ಇಲ್ಲ. ಆ ಗಡ್ಡೆ ಒಂದು ರಸ ಬಿಡ್ತದೆ, ಕಿಡ್ನಿ ಅದರ ಮಾತು ಕೇಳ್ತದೆ. ಗಡ್ಡೆ ಸಿಕ್ಕಿ ತೆಗೆದ್ರೆ ಮೂಳೆ ತನ್ನಷ್ಟಕ್ಕೆ ಗಟ್ಟಿ ಆಗ್ತದೆ. ಈಗಲೇ ಸರಳು ಹಾಕಿದ್ರೆ ಸುತ್ತ ಹಿಡಿದುಕೊಳ್ಳಲಿಕ್ಕೆ ಮೂಳೆಯೇ ಇಲ್ಲ.”

ಮಂಗಳೂರಿನ ಮೂಳೆ ಡಾಕ್ಟರು ವರದಿ ನೋಡಿ ಆಪರೇಶನ್ ಮುಂದೂಡಲು ಒಪ್ಪಿದರು. ಫಾಸ್ಫರಸ್ ದ್ರವ ದಿನಕ್ಕೆ ಐದು ಸಲ, ಜೊತೆಗೆ ವಿಟಮಿನ್ ಡಿ. ಅದಕ್ಕೆ ನಾನು ಗೋಡೆಗೆ ಪಟ್ಟಿ ಅಂಟಿಸಿದೆ. ಅವಳ ಹೊಟ್ಟೆ ಕೆಟ್ಟಿತು, ಪ್ರಮಾಣ ಇಳಿಸಿದೆವು, ಮತ್ತೆ ಏರಿಸಿದೆವು. ಆದರೆ ಇದು ತೂತಾದ ಕೊಡಕ್ಕೆ ನೀರು ಹೊಯ್ಯುವ ಕೆಲಸ. ಗಡ್ಡೆ ಸಿಗಬೇಕಿತ್ತು.

ಮೊದಲ ಸಲ ಕೈಯಿಂದ ನಾನೇ ಹುಡುಕಿದೆ. ತಲೆಯ ಕೂದಲ ಅಡಿಯಿಂದ ಕಾಲ ಬೆರಳ ಸಂದಿಯವರೆಗೆ ಮುಕ್ಕಾಲು ಗಂಟೆ. ಗಟ್ಟಿಯಾಗಿ ಹೇಳಿಕೊಂಡೇ ಪುಸ್ತಕದಲ್ಲಿ ಬರೆದೆ: ‘ಗಡ್ಡೆ ಇಲ್ಲ. ಎರಡೂ ಹರಡುಗಳಲ್ಲಿ ಜಡ್ಡು, ಬೀಡಿಯದ್ದು.’ ಹರಡು ಎಂದರೆ ಪಾದದ ಮೇಲೆ ಹೊರಬದಿಗೆ ಉಬ್ಬಿದ ಮೂಳೆ. ವರ್ಷಗಟ್ಟಲೆ ನೆಲದಲ್ಲಿ ಕಾಲು ಮಡಚಿ ಕೂತವರಿಗೆ ಅಲ್ಲಿ ಚರ್ಮ ದಪ್ಪವಾಗಿ ಕಪ್ಪಾಗುತ್ತದೆ. ನನ್ನ ಅಮ್ಮನಿಗಿತ್ತು. ನಮ್ಮ ಕೇರಿಯ ಎಲ್ಲ ಹೆಂಗಸರಿಗೂ ಇತ್ತು. ಬಸ್ಸಿನಲ್ಲಿ ಎದುರಿಗೆ ಕೂತವರ ಕಾಲು ನೋಡಿ ಇವರು ಬೀಡಿ ಕಟ್ಟುವವರು ಎಂದು ನಾನು ಹೇಳಬಲ್ಲೆ. ಆ ಹೆಮ್ಮೆಯಲ್ಲೇ ಆ ಸಾಲು ಬರೆದಿದ್ದೆ.

ಮಂಗಳೂರಿನಲ್ಲಿ ಇಂಥ ಗಡ್ಡೆಗೆಂದೇ ಇರುವ ಸ್ಕ್ಯಾನ್ ಆಯಿತು. ಏನೂ ಸಿಗಲಿಲ್ಲ. ವರದಿಯ ಕೆಳಗಿನ ಸಾಲಿನಲ್ಲಿ ಸ್ಕ್ಯಾನ್ ಎಲ್ಲಿಂದ ಎಲ್ಲಿಯವರೆಗೆ ಎಂದು ಬರೆದಿತ್ತು: ತಲೆಯಿಂದ ತೊಡೆಯ ನಡುವಿನವರೆಗೆ. ಸಾಮಾನ್ಯವಾಗಿ ಅಷ್ಟೇ ಮಾಡುವ ಕ್ರಮವಂತೆ. ಈ ಕಾಯಿಲೆಯ ಗಡ್ಡೆ ಕಾಲಿನಲ್ಲೂ ಇರಬಹುದು ಎಂದು ಡಾಕ್ಟರ್ ಮತ್ತೆ ಪಾದದವರೆಗೆ ಮಾಡಿಸಲು ಹೇಳಿದರು.

ರೋಗಿ ಒಪ್ಪಲಿಲ್ಲ. ಆ ಪ್ರಯಾಣದಲ್ಲಿ ಅವಳ ಇನ್ನೊಂದು ಪಕ್ಕೆಲುಬು ಬಿರಿದಿತ್ತು.

“ಸಾಕು ಸಿಸ್ಟರ್,” ಎಂದಳು. ಮುಖ ಗೋಡೆಯ ಕಡೆ. “ಇನ್ನು ನನ್ನನ್ನು ಎತ್ತಬೇಡಿ. ಮಲಗಿಯೇ ಇರ್ತೇನೆ. ಇರುವಷ್ಟು ದಿನ.”

ನಾನು ಸಮಾಧಾನ ಹೇಳುವುದರಲ್ಲಿ ಜಾಣೆಯಲ್ಲ. “ಎತ್ತುದಿಲ್ಲ,” ಎಂದೆ. “ಇವತ್ತು ಸ್ನಾನ ಮಾಡಿಸ್ತೇನೆ. ಅದಕ್ಕೆ ಎತ್ತಬೇಕಾಗಿಲ್ಲ.”

ಹಾಸಿಗೆ ಸ್ನಾನಕ್ಕೆ ಒಂದು ಕ್ರಮವಿದೆ. ಮೊದಲು ಮುಖ, ಆಮೇಲೆ ಕೈಗಳು, ಎದೆ, ಹೊಟ್ಟೆ, ಕಾಲುಗಳು, ಬೆನ್ನು. ಪಾದವನ್ನು ಬಟ್ಟೆಯಲ್ಲಿ ಒರೆಸಿ ಬಿಡುವ ಹಾಗಿಲ್ಲ. ಹಾಸಿಗೆಯ ಮೇಲೇ ಬೇಸಿನ್ ಇಟ್ಟು, ಮೊಣಕಾಲು ಮಡಚಿ, ಪಾದವನ್ನು ಬೆಚ್ಚಗಿನ ನೀರಿನಲ್ಲಿ ಮುಳುಗಿಸಬೇಕು. ಅವಸರದಲ್ಲಿ ಪಾದ ಒರೆಸಿ ಮುಗಿಸಿದವಳನ್ನು ಮೇಟ್ರನ್ ಮತ್ತೆ ಮುಖದಿಂದ ಶುರು ಮಾಡಿಸುತ್ತಿದ್ದರು. ಹಾಗಾಗಿ ಐವತ್ತು ವರ್ಷದ ನಂತರವೂ ನಾನು ಬೇಸಿನ್ ಇಡುತ್ತೇನೆ.

ಬಲಗಾಲು ಹತ್ತು ನಿಮಿಷ ನೀರಿನಲ್ಲಿತ್ತು. ಹರಡಿನ ಜಡ್ಡು ಬೆಳ್ಳಗಾಗಿ ಮೆತ್ತಗಾಯಿತು. ಒರಟು ಬಟ್ಟೆಯಿಂದ ಉಜ್ಜಿದಾಗ ಸ್ವಲ್ಪ ಎದ್ದುಬಂತು. ಎಡಗಾಲನ್ನೂ ಅಷ್ಟೇ ಹೊತ್ತು ಇಟ್ಟೆ. ಏನೂ ಆಗಲಿಲ್ಲ. ಅಲ್ಲಿ ಚರ್ಮ ನುಣುಪಾಗಿಯೇ ಇತ್ತು. ಹರಡಿನ ಸ್ವಲ್ಪ ಕೆಳಗೆ, ಮುಂದಕ್ಕೆ, ಗೇರುಬೀಜದಷ್ಟು ಉಬ್ಬು. ಬೆರಳಲ್ಲಿ ಒತ್ತಿದರೆ ಗಟ್ಟಿ. ಮೇಲಿನ ಚರ್ಮ ಅದರ ಮೇಲೆ ಜಾರುತ್ತಿತ್ತು.

ನನ್ನ ಕೈ ಅಲ್ಲೇ ನಿಂತಿತು. ಮೊದಲ ಸಲ ಬಲಗಾಲಿನ ಒರಟು ಚರ್ಮ ಮುಟ್ಟಿ, ಎಡಗಾಲಿನ ಉಬ್ಬು ಕಂಡು, ‘ಎರಡೂ’ ಎಂದು ಬರೆದುಬಿಟ್ಟಿದ್ದೆ. ಆದರೂ ಖಚಿತ ಮಾಡಿಕೊಳ್ಳಬೇಕು. ಕೆಲವರಿಗೆ ಒಂದು ಕಾಲಿನ ಜಡ್ಡು ಗಂಟಿನ ಹಾಗೆ ಬೆಳೆಯುವುದೂ ಉಂಟು, ಕೂರುವಾಗ ಅಡಿಗೆ ಹಾಕಿ ನೆಲಕ್ಕೆ ಒತ್ತಿಕೊಳ್ಳುವ ಕಾಲಿನದ್ದು.

ಜಗಲಿಗೆ ಹೋದೆ. ಅತ್ತೆ ಬೀಡಿ ಕಟ್ಟುತ್ತಿದ್ದರು. ಮಡಿಲಲ್ಲಿ ಎಲೆ, ಹೊಗೆಸೊಪ್ಪು ಇಟ್ಟ ತಡ್ಪೆ, ಅಂದರೆ ಮೊರ.

“ಇವಳು ಬೀಡಿ ಕಟ್ಟುವಾಗ ಯಾವ ಕಾಲು ಅಡಿಗೆ ಹಾಕಿ ಕೂರುದು?”

“ಇದೆಂತ ಪ್ರಶ್ನೆ ಮಾರಾಯ್ರೆ?” ಅತ್ತೆಯ ಬೆರಳು ನಿಲ್ಲಲಿಲ್ಲ. “ಬಲಗಾಲು. ಯಾವಾಗಲೂ ಬಲಗಾಲು ಅಡಿ, ಎಡಗಾಲು ಅದರ ಮೇಲೆ. ಹದಿನೈದು ವರ್ಷ ಅವಳ ಎಡ ಮೊಣಕಾಲು ನನ್ನ ತಡ್ಪೆಗೆ ತಾಗಿ ತಾಗಿ ಹೊಗೆಸೊಪ್ಪು ಚೆಲ್ಲಿದೆ. ಎಷ್ಟು ಬೈದಿದ್ದೇನೆ ಕೇಳಿ ಅವಳ ಹತ್ರ.”

“ಒಮ್ಮೆಯೂ ಬದಲಿಸಲಿಲ್ಲವಾ?”

“ಬದಲಿಸ್ಲಿಕ್ಕೆ ಆಗುದಿಲ್ಲ ಸಿಸ್ಟರೇ. ಕೂತ ಕಾಲು ಬದಲಿಸಿದ್ರೆ ಕೈಯ ಲೆಕ್ಕ ತಪ್ತದೆ. ಯಾರನ್ನಾದ್ರೂ ಕೇಳಿ.”

ಯಾರನ್ನೂ ಕೇಳಬೇಕಾಗಿರಲಿಲ್ಲ. ನನ್ನ ಅಮ್ಮನೂ ಹಾಗೆಯೇ. ಹದಿನೈದು ವರ್ಷ ನೆಲ ಮುಟ್ಟದ ಕಾಲಿಗೆ ನೆಲದ ಜಡ್ಡು ಬರುವುದಿಲ್ಲ.

ಒಳಗೆ ಬಂದು ರೋಗಿಯನ್ನು ಕೇಳಿದೆ: ಈ ಗಂಟು ಯಾವಾಗಿಂದ?

“ಅದಾ? ನೋವು ಸುರು ಆಗುವ ಮೊದಲೇ ಇತ್ತು. ಸಣ್ಣದಿತ್ತು. ಬೀಡಿಯದ್ದು ಅಂತ ಬಿಟ್ಟಿದ್ದೆ. ನೀವೂ ಹಾಗೇ ಬರೆದಿದ್ರಲ್ಲ,” ಎಂದಳು.

“ಬರೆದಿದ್ದೆ,” ಎಂದೆ. ಪುಸ್ತಕ ತೆಗೆದು ಅವಳ ಎದುರೇ ಆ ಸಾಲನ್ನು ಕೆಂಪಿನಲ್ಲಿ ಹೊಡೆದುಹಾಕಿದೆ.

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಹೊಗೆಸೊಪ್ಪಿನ ಕೈಯನ್ನು ಸೀರೆಗೆ ಒರೆಸಿಕೊಂಡು ಬಂದು, ಸೊಸೆಯ ಎಡಗಾಲನ್ನು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. “ಇಷ್ಟೇ ಇಷ್ಟು,” ಎಂದರು. ಆಮೇಲೆ ಸೊಸೆಗೆ, “ಒಮ್ಮೆ ಎತ್ತುವ ಮಗಾ. ನಾನೂ ಬರ್ತೇನೆ.”

ಅವಳು ಗೋಡೆಯ ಕಡೆಯಿಂದ ಮುಖ ತಿರುಗಿಸಿದಳು. “ದಿಂಬು ನಾಲ್ಕು ಇಡಿ,” ಎಂದಳು.

ಕಾಲಿನ ಸ್ಕ್ಯಾನಿನಲ್ಲಿ ಆ ಗೇರುಬೀಜ ದೀಪ ಹಚ್ಚಿದ ಹಾಗೆ ಕಂಡಿತು. ಶಸ್ತ್ರಚಿಕಿತ್ಸೆಯಲ್ಲಿ ಸುತ್ತಲಿನ ಸ್ವಲ್ಪ ಅಂಗಾಂಶ ಸಮೇತ ತೆಗೆದರು. ಒಂದು ಚೂರು ಉಳಿದರೂ ಮತ್ತೆ ಬೆಳೆಯುತ್ತದಂತೆ. ಮರುದಿನ ಫಾಸ್ಫರಸ್ ದ್ರವ ನಿಲ್ಲಿಸಿದರು. ನಾನು ಪ್ರತಿ ಬೆಳಿಗ್ಗೆ ಆ ವಾರ್ಡಿಗೆ ಫೋನ್ ಮಾಡಿ, ರಕ್ತವನ್ನು ಎಷ್ಟು ಹೊತ್ತಿಗೆ ತಿರುಗಿಸಿದರು ಎಂದು ಕೇಳಿದೆ. ಮೂರನೆಯ ದಿನ ಅಲ್ಲಿನ ಸಿಸ್ಟರ್, “ನೀವು ರಿಟೈರ್ ಆಗಿದ್ದೀರಿ ಅಲ್ವಾ?” ಎಂದಳು. ಆರನೆಯ ದಿನ ನಾನು ಕೇಳುವ ಮೊದಲೇ ಅಂಕಿ ಹೇಳಿದಳು. ದ್ರವವಿಲ್ಲದೆ, ಮಾತ್ರೆಯಿಲ್ಲದೆ, ಫಾಸ್ಫರಸ್ ಸರಿಯಾದ ಗೆರೆಯ ಒಳಗೆ ಬಂದಿತ್ತು.

ಮೂಳೆ ನಿಧಾನದ ವಸ್ತು. ಎರಡು ತಿಂಗಳಲ್ಲಿ ನೋವು ಇಳಿಯಿತು. ನಾಲ್ಕನೆಯ ತಿಂಗಳ ಎಕ್ಸ್‌ರೇಯಲ್ಲಿ ತೊಡೆಯ ಬಿರುಕುಗಳು ತುಂಬತೊಡಗಿದ್ದವು. ಸರಳಿನ ಮಾತು ಮತ್ತೆ ಬರಲಿಲ್ಲ. ಮೊದಲು ಮಂಚದ ಅಂಚಿನಲ್ಲಿ ಕೂರುವುದು, ಆಮೇಲೆ ವಾಕರ್ ಹಿಡಿದು ಕಿಟಕಿಯವರೆಗೆ, ಆಮೇಲೆ ಜಗಲಿ. ದಿನಕ್ಕೆ ಎಷ್ಟು ಹೆಜ್ಜೆ ಎಂದು ನಾನು ಬರೆದುಕೊಟ್ಟೆ. ಅವಳು ಯಾವಾಗಲೂ ಹೆಚ್ಚು ನಡೆದು, ಕಡಿಮೆ ಹೇಳುತ್ತಿದ್ದಳು. ಕಳೆದುಹೋದ ಎತ್ತರ ಬರಲಿಲ್ಲ. ಅದು ಬರುವುದಿಲ್ಲ ಎಂದು ಮೊದಲೇ ಹೇಳಿದ್ದೆ. ನೈಟಿಯ ಅಂಚು ಮಡಚಿದ ಹಾಗೆಯೇ ಇದೆ.

ಕಳೆದ ತಿಂಗಳ ಒಂದು ಬುಧವಾರ, ಎಂದಿನಂತೆ ಒಂಬತ್ತೂವರೆಗೆ ಹೋದೆ. ಮಂಚದ ಮೇಲೆ ಹೊದಿಕೆ ಮಡಚಿಟ್ಟಿತ್ತು. ವಾಕರ್ ಗೋಡೆಗೆ ಒರಗಿತ್ತು. ಅದರ ಮೇಲೆ ಬಟ್ಟೆ ಒಣಹಾಕಿದ್ದರು. ಜಗಲಿಯಲ್ಲಿ ಅತ್ತೆ ಒಬ್ಬರೇ.

“ಅವಳು ಇಲ್ಲ,” ಎಂದರು ತಲೆ ಎತ್ತದೆ. “ಬ್ರಾಂಚಿಗೆ ಬೀಡಿ ಕೊಡ್ಲಿಕ್ಕೆ ಹೋದ್ಲು.”

“ರಿಕ್ಷಾದಲ್ಲಾ?”

“ಗಂಡ ಬಾಡಿಗೆಗೆ ಹೋಗಿದ್ದಾನೆ. ನಡ್ಕೊಂಡು ಹೋದ್ಲು. ಸಿಸ್ಟರ್ ಬರ್ತಾರೆ, ನಿಲ್ಲು ಅಂದೆ. ಕಾಯ್ಲಿಕ್ಕೆ ಹೇಳಿ ಅಂದ್ಲು.”

ಕಟ್ಟಿದ ಬೀಡಿಯನ್ನು ಎಣಿಸಿ ತೆಗೆದುಕೊಳ್ಳುವ ಬ್ರಾಂಚು ಇಳಿಜಾರಿನ ಕೆಳಗೆ, ರಸ್ತೆ ದಾಟಿ. ಬರುವಾಗ ಏರು. ನಾನು ಸಾಮಾನ್ಯವಾಗಿ ಯಾರಿಗಾಗಿಯೂ ಕಾಯುವುದಿಲ್ಲ. ಮುಂದಿನ ಮನೆಗೆ ಸಮಯ ಕೊಟ್ಟಿರುತ್ತೇನೆ. ಮುಂದಿನ ಮನೆಗೆ ಫೋನ್ ಮಾಡಿ ತಡವಾಗುತ್ತದೆ ಎಂದು ಹೇಳಿ, ಮೆಟ್ಟಿಲ ಮೇಲೆ ಕೂತೆ. ಪುಸ್ತಕ ತೆರೆದು, ಕೆಂಪು ಪೆನ್ನು ತೆಗೆದೆ.

‘೯.೩೦. ರೋಗಿ ಮನೆಯಲ್ಲಿಲ್ಲ.’